ನಾಡಿ ಹಿಡಿದವರು ವಿಧಾನಸೌಧಕ್ಕೆ ಹೋದರೆ

ಅಡಿಕೆ ಬೇಯಿಸುವ ದಿನ ನಮ್ಮ ಮನೆ ಅಂಗಳ ಅಂದ್ರೆ ಒಂದು ಸಣ್ಣ ವಿಧಾನಸಭೆ. ಸುಲಿಯುವ ಮೆಷಿನ್ ಬಂದು ಎಷ್ಟೋ ವರ್ಷವಾಯಿತು. ಆದರೂ ಆರಿಸೋಕೆ, ಒಲೆ ನೋಡಿಕೊಳ್ಳೋಕೆ, ಬೆಂದದ್ದನ್ನು ಬಸಿದು ಹರಡೋಕೆ ಹತ್ತು ಜನ ಬೇಕೇ ಬೇಕು. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ರಾಜ್ಯ ಆಳುತ್ತಿರುತ್ತದೆ.

ಕಳೆದ ಹಂಗಾಮಿನಲ್ಲಿ ಹೀಗೇ ಮಾತು ಎದ್ದಿತು. "ಮುಂದಿನ ಎಲೆಕ್ಷನ್‌ಗೆ ನಮ್ಮ ಡಾಕ್ಟ್ರನ್ನೇ ನಿಲ್ಲಿಸಿಬಿಡಾಣ. ಓದಿದೋರು, ಕಾಸಿಗೆ ಆಸೆ ಪಡದೋರು. ಇಂಥೋರು ಹೋಗದೆ ಇನ್ಯಾರು ಹೋಗ್ಬೇಕು?" ಅಂತ ಒಬ್ಬ ಹುಡುಗ. ಎಲ್ಲರೂ ಹೂಂ ಅಂದರು. ಒಲೆ ಮುಂದೆ ಕೂತಿದ್ದ ನಮ್ಮ ದೊಡ್ಡಪ್ಪ ಮಾತ್ರ ಕೊಳ್ಳಿ ಒಳಕ್ಕೆ ತಳ್ಳುತ್ತಾ ಕೇಳಿದರು: "ಲೇ ತಮ್ಮಾ, ಅವರನ್ನ ಬೆಂಗಳೂರಿಗೆ ಕಳಿಸ್ತೀಯ ಸರಿ. ರಾತ್ರಿ ಹನ್ನೆರಡಕ್ಕೆ ಚೇಳು ಕಡಿದ್ರೆ ಯಾರತ್ರ ಹೋಗ್ತೀಯ? ಎಮ್ಮೆಲ್ಲೆ ಪಿ.ಎ.ಗೆ ಫೋನ್ ಮಾಡ್ತೀಯೇನು?"

ಅಂಗಳ ನಕ್ಕಿತು. ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ನಮ್ಮದು ಹೊಸದುರ್ಗ ತಾಲ್ಲೂಕು, ವ್ಯವಹಾರ ಹೊಳಲ್ಕೆರೆ, ಭೀಮಸಮುದ್ರದ ಕಡೆ. ಸುತ್ತಲಿನ ಹತ್ತಾರು ಹಳ್ಳಿಗೆ ಹೋಬಳಿಯಲ್ಲಿ ಕೂರುವ ಈ ಡಾಕ್ಟರೇ ಗತಿ. ಅವರು ಹೋದರೆ ನಮಗೆ ಲಾಭವೋ ನಷ್ಟವೋ? ಈಗಾಗಲೇ ಹಾಗೆ ಹೋದ ಡಾಕ್ಟರುಗಳು ಏನು ಮಾಡಿದ್ದಾರೆ? ಗೊತ್ತಿದ್ದವರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆ ನೀರಿಂದು

ನಮ್ಮ ಡಾಕ್ಟರ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನ ತಾಯಿಗೆ ಐವತ್ತು ದಾಟುವ ಮೊದಲೇ ಮೊಣಕಾಲು ಹಿಡಿದುಕೊಂಡವು. ಆಮೇಲೆ ಸೊಂಟ. ಬಗ್ಗಿ ಕಳೆ ಕೀಳುತ್ತಿದ್ದವಳಿಗೆ ನೆಲಕ್ಕೆ ಕೂರೋಕೇ ಆಗದಂತಾಯಿತು. ಪೇಟೆಯ ಎರಡು ಮೂರು ಕಡೆ ತೋರಿಸಿದೆವು. ನೋವಿನ ಮಾತ್ರೆ ಕೊಟ್ಟರು, ವಯಸ್ಸಾಯ್ತು ಅಂದರು. ಕೊನೆಗೆ ಈ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ಅಮ್ಮನ ಕಾಲು ನೋಡುವ ಮೊದಲು ಜೊತೆಗೆ ಬಂದಿದ್ದ ನನ್ನ ಮಗನ ಕಡೆ ತಿರುಗಿ, "ಎಲ್ಲಿ, ಹಲ್ಲು ತೋರ್ಸಪ್ಪ" ಅಂದರು. ಹಲ್ಲಿನ ಮೇಲೆ ಕಂದು ಗೆರೆ ಇತ್ತು. "ನಿಮ್ಮನೇಲಿ ಯಾವ ಬೋರಿನ ನೀರು ಕುಡೀತೀರಿ? ಎಷ್ಟು ಅಡಿ?"

ನಮ್ಮ ತೋಟದ ಬೋರು ಆಗ 600 ಅಡಿ ದಾಟಿತ್ತು. ಆ ನೀರನ್ನೇ ಮನೆಗೂ ಎಳೆದುಕೊಂಡಿದ್ದೆವು. ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದರು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದಾಗ 1.5ರವರೆಗೆ ಒಪ್ಪಬಹುದು. ಇದು ಸರ್ಕಾರದ ಲೆಕ್ಕ. ನಮ್ಮದು ಅದನ್ನು ಎಷ್ಟೋ ದಾಟಿತ್ತು. ಕಾಯಿಸಿದರೆ ಹೋಗುತ್ತದೆ ಅಂದುಕೊಂಡಿದ್ದೆ. ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ ಅಷ್ಟೆ.

ಅಮ್ಮನ ಮೂಳೆಗೆ ಆಗಿದ್ದು ಆಗಿಹೋಗಿತ್ತು. ಆದರೆ ಅಲ್ಲಿಂದ ಮುಂದೆ ನಮ್ಮ ಮನೆಯ ಮಕ್ಕಳು ಆ ನೀರು ಕುಡಿಯಲಿಲ್ಲ. ಆ ಡಾಕ್ಟರು ಕೊಟ್ಟ ಔಷಧಿ ಎಂದರೆ ಇಷ್ಟೇ, ಒಂದು ಪ್ರಶ್ನೆ. ಇಂಥ ಪ್ರಶ್ನೆ ಕೇಳುವವರು ವಿಧಾನಸಭೆಯಲ್ಲಿ ಕೂತರೆ ಏನಾದೀತು ಅನ್ನುವ ಆಸೆ ಆ ಹುಡುಗನಿಗೆ ಬಂದದ್ದು ತಪ್ಪಲ್ಲ.

ಗಡಿಯಾಚೆ ಈಚೆ

ಚಿತ್ರದುರ್ಗ ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರ. ನಮ್ಮ ಸುತ್ತಲಿನ ಗಡಿಯಲ್ಲಿ ಈಚೆಗೆ ಡಾಕ್ಟರು ಗೆದ್ದ ಉದಾಹರಣೆ ಇದೆ. ಮೊಳಕಾಲ್ಮೂರಿನ ಪಕ್ಕದ ಕೂಡ್ಲಿಗಿಯಲ್ಲಿ 2023ರಲ್ಲಿ ಗೆದ್ದ ಡಾ. ಎನ್.ಟಿ. ಶ್ರೀನಿವಾಸ್ ಕಣ್ಣಿನ ವೈದ್ಯರು. ಹಿರಿಯೂರು ದಾಟಿದರೆ ಸಿಗುವ ಶಿರಾದಲ್ಲಿ 2020ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆದಾಗ ಗೆದ್ದ ಡಾ. ಸಿ.ಎಂ. ರಾಜೇಶ್ ಗೌಡ ಎಕ್ಸ್‌ರೇ, ಸ್ಕ್ಯಾನಿಂಗ್ ನೋಡುವ ರೇಡಿಯಾಲಜಿ ವೈದ್ಯರು. ಅವರ ತಂದೆ ಸಿ.ಪಿ. ಮೂಡಲಗಿರಿಯಪ್ಪ ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಸಂಸದರಾಗಿದ್ದವರು. ಶಿರಾ ಇವತ್ತೂ ನಮ್ಮ ಲೋಕಸಭಾ ಕ್ಷೇತ್ರಕ್ಕೇ ಸೇರಿದೆ.

ಆ ಉಪಚುನಾವಣೆಯಲ್ಲಿ ನಾನು ಗಮನಿಸಿದ ಸಂಗತಿ ಬೇರೆ. ನಿಂತವರು ಡಾಕ್ಟರು, ಆದರೆ ಪ್ರಚಾರದಲ್ಲಿ ಆಸ್ಪತ್ರೆಗಿಂತ ಹೆಚ್ಚು ಕೇಳಿ ಬಂದದ್ದು ಮದಲೂರು ಕೆರೆ. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಆರು ತಿಂಗಳಲ್ಲಿ ಆ ಕೆರೆಗೆ ಹೇಮಾವತಿ ನೀರು ತುಂಬಿಸುತ್ತೇನೆ ಅಂತ ಅಲ್ಲೇ ನಿಂತು ಮಾತು ಕೊಟ್ಟರು. ಜನ ಡಾಕ್ಟರಿಗೆ ಓಟು ಹಾಕಿದರು. 2023ರಲ್ಲಿ ಅದೇ ಜನ ಬೇರೆಯವರನ್ನು ಆರಿಸಿದರು, ಟಿ.ಬಿ. ಜಯಚಂದ್ರ ಗೆದ್ದರು. ನಮ್ಮ ಬಯಲುಸೀಮೆಯಲ್ಲಿ ಯಾರೇ ನಿಲ್ಲಲಿ, ಓಟು ಬೀಳುವುದು ಕೆರೆಗೆ. ಹೆಸರಿನ ಹಿಂದೆ ಡಾಕ್ಟರ್ ಅಂತ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ನಮ್ಮ ಹೊಸದುರ್ಗದವರೂ ದೊಡ್ಡ ಹೆಸರಿಗೆ ಮರುಳಾಗುವವರಲ್ಲ ಬಿಡಿ. ಅದಾಗಲೇ ಒಮ್ಮೆ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರನ್ನೇ 1962ರಲ್ಲಿ ಇಲ್ಲಿ ಸೋಲಿಸಿ ಕಳಿಸಿದವರು ನಾವು.

ಇವರಿಬ್ಬರದೂ ಇನ್ನೂ ನಡೆಯುತ್ತಿರುವ ಬದುಕು. ಶುರುವಿನಿಂದ ಕೊನೆಯವರೆಗೆ ಅಳೆದು ನೋಡಬಹುದಾದ ಡಾಕ್ಟರ್ ರಾಜಕಾರಣಿ ಬೇಕೆಂದರೆ ಘಟ್ಟದ ಕೆಳಗೆ ಇಳಿಯಬೇಕು.

ಉಡುಪಿಯ ಡಾಕ್ಟರು

ಡಾ. ವಿ.ಎಸ್. ಆಚಾರ್ಯ ಹೆಸರು ಕರಾವಳಿಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಕಡೆಯವರಿಗೆ ಅವರು ಗೊತ್ತಿರುವುದು ಗೃಹಮಂತ್ರಿ ಅಂತ. ನನಗೂ ಅಷ್ಟೇ ಗೊತ್ತಿತ್ತು. ಅದಕ್ಕೂ ನಲವತ್ತು ವರ್ಷ ಹಿಂದಿನ ಕತೆ ತಿಳಿದ ಮೇಲೆ ಅವರ ಬಗ್ಗೆ ನನ್ನ ಅಭಿಪ್ರಾಯ ಎರಡು ಪಾಲಾಯಿತು.

ಮಣಿಪಾಲದ ಕಸ್ತೂರ್‌ಬಾ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮಾಡಿ ಉಡುಪಿಯಲ್ಲಿ ವೈದ್ಯರಾಗಿದ್ದವರು. 1968ರಲ್ಲಿ ಉಡುಪಿ ಪುರಸಭೆ ಜನಸಂಘದ ಕೈಗೆ ಬಂತು. ದಕ್ಷಿಣದಲ್ಲಿ ಆ ಪಕ್ಷಕ್ಕೆ ಸಿಕ್ಕ ಮೊದಲ ಪುರಸಭೆ ಅದು. ಇನ್ನೂ ಮೂವತ್ತು ತುಂಬದ ಈ ಡಾಕ್ಟರು ಅಧ್ಯಕ್ಷರಾದರು. ಪಕ್ಷ ಯಾವುದಾದರೂ ಇರಲಿ, ನನಗೆ ಬೇಕಾದದ್ದು ಅವರು ಅಲ್ಲಿ ಮಾಡಿದ ಒಂದು ಕೆಲಸ. ಉಡುಪಿಯಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು.

ಈಗಿನ ಹುಡುಗರಿಗೆ ಇದು ಏನು ಅಂತಲೇ ಗೊತ್ತಿಲ್ಲ. ನಮ್ಮ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು. ಪೇಟೆ ಮನೆಗಳ ಹಿಂದೆ ಓಣಿ, ಓಣಿಗೆ ಸಣ್ಣ ಬಾಗಿಲು, ಒಳಗೆ ಡಬ್ಬಿ. ಬೆಳಗಿನ ಜಾವ ಒಬ್ಬ ಬಂದು, ಎಷ್ಟೋ ಸಲ ಒಬ್ಬಳು ಬಂದು, ಅದನ್ನು ಬಕೆಟ್ಟಿಗೆ ಸುರಿದುಕೊಂಡು ತಲೆ ಮೇಲಿಟ್ಟು ಹೋಗಬೇಕು. ಮಳೆ ಬಂದರೆ ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಉಡುಪಿಯ ಮಳೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ನಾನು ಹೇಳಬೇಕೇ?

ಇದು ಮಾನದ ಪ್ರಶ್ನೆ, ಜಾತಿಯ ಪ್ರಶ್ನೆ. ಅದರ ಜೊತೆಗೆ ಡಾಕ್ಟರ ಪ್ರಶ್ನೆಯೂ ಹೌದು. ಟೈಫಾಯ್ಡ್, ಕಾಲರಾ, ಆಮಶಂಕೆ, ಕಾಮಾಲೆ, ಎಲ್ಲ ಒಂದೇ ದಾರಿಯಲ್ಲಿ ಬರುವವು. ಹೊಲಸು ನೀರಿಗೆ ಸೇರುವ ದಾರಿ. ಕ್ಲಿನಿಕ್ಕಿನಲ್ಲಿ ಕೂತ ಡಾಕ್ಟರು ಒಬ್ಬೊಬ್ಬ ರೋಗಿಗೆ ಮಾತ್ರೆ ಕೊಡಬಹುದು. ಆ ದಾರಿಗೆ ಕಲ್ಲು ಹಾಕಬೇಕಾದರೆ ಪುರಸಭೆಯ ಠರಾವು ಬೇಕು, ದುಡ್ಡು ಬೇಕು. ಮನೆ ಮನೆಯಲ್ಲಿ ಗುಂಡಿ ಕಕ್ಕಸು ಆಗಬೇಕು. ಹೊರುತ್ತಿದ್ದವರಿಗೆ ಬೇರೆ ಕೆಲಸ ಕೊಡಬೇಕು. ಅಭ್ಯಾಸವಾದದ್ದನ್ನು ಬಿಡಲು ಪೇಟೆಯವರು ಸುಲಭಕ್ಕೆ ಒಪ್ಪುವುದಿಲ್ಲ, ಅವರ ಸಿಟ್ಟನ್ನೂ ತಡಕೊಳ್ಳಬೇಕು.

ಕಾಲ ಯಾವುದು ಅಂತ ನೋಡಿ. ರಾಜ್ಯದ ಮಟ್ಟದಲ್ಲಿ ಇದಕ್ಕೆ ಕೈ ಹಾಕಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು. ದೆಹಲಿಯಿಂದ ಕಾಯ್ದೆ ಬಂದದ್ದು 1993ರಲ್ಲಿ. ಅದು ಸಾಲದು ಅಂತ 2013ರಲ್ಲಿ ಇನ್ನೊಂದು ಬಂತು. ಉಡುಪಿ ದೆಹಲಿಗೆ ಕಾಯಲಿಲ್ಲ. ಆ ಡಾಕ್ಟರು ಜೀವಮಾನದಲ್ಲಿ ಕೊಟ್ಟ ಎಲ್ಲ ಇಂಜೆಕ್ಷನ್ ಒಂದು ತೂಕ, ಈ ಒಂದು ಕೆಲಸ ಒಂದು ತೂಕ ಅಂತ ನನ್ನ ಲೆಕ್ಕ. ಇದನ್ನು ಮಾಡುವಾಗ ಅವರು ಶಾಸಕರೂ ಆಗಿರಲಿಲ್ಲ, ಮಂತ್ರಿಯೂ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ. ನಲ್ಲಿ, ಚರಂಡಿ, ಕಕ್ಕಸು ನೋಡುವ ಕುರ್ಚಿಯಲ್ಲಿ ಕೂತಿದ್ದರು, ಅಷ್ಟೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ತುರ್ತು ಪರಿಸ್ಥಿತಿಯಲ್ಲಿ ಜೈಲು. 1983ರಲ್ಲಿ ಉಡುಪಿಯಿಂದ ವಿಧಾನಸಭೆಗೆ. 1990ರ ದಶಕದಿಂದ ಕೊನೆಯವರೆಗೂ ವಿಧಾನ ಪರಿಷತ್ತಿನಲ್ಲಿ. 2006ರಲ್ಲಿ ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ವೈದ್ಯಕೀಯ ಶಿಕ್ಷಣ ಮಂತ್ರಿ.

ಮೆಡಿಕಲ್ ಕಾಲೇಜು ಅಂದಾಗ ನಮ್ಮ ಜಿಲ್ಲೆಯ ಹಳೇ ಗಾಯ ಕೆರೆಯುತ್ತದೆ. 1997ರಲ್ಲಿ ಉಡುಪಿ ಹೊಸ ಜಿಲ್ಲೆಯಾಯಿತು, ಅದೇ ವರ್ಷ ನಮ್ಮಿಂದ ದಾವಣಗೆರೆ ಬೇರೆಯಾಯಿತು. ದಾವಣಗೆರೆ ಹೋದಾಗ 1965ರಿಂದ ಅಲ್ಲಿದ್ದ ಜೆಜೆಎಂ ಮೆಡಿಕಲ್ ಕಾಲೇಜೂ ಹೋಯಿತು. 2006, 2007ರ ಸುಮಾರಿಗೆ ಮಂಡ್ಯ, ಹಾಸನ, ಶಿವಮೊಗ್ಗಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ತೆರೆದವು. ಚಿತ್ರದುರ್ಗದಲ್ಲಿ ಖಾಸಗಿ ಕಾಲೇಜು ಇತ್ತು, ಆದರೆ ಸರ್ಕಾರಿ ಕಾಲೇಜು ಶುರುವಾದದ್ದು 2023-24ರಲ್ಲಿ, 150 ಸೀಟಿನೊಂದಿಗೆ. ಅಷ್ಟೂ ವರ್ಷ ಅಪಘಾತವಾದರೆ, ಹೆರಿಗೆ ಕಷ್ಟವಾದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡಿದ್ದೇವೆ. ದಾರಿಯಲ್ಲೇ ಕಳಕೊಂಡವರ ಮನೆ ನಮ್ಮೂರಲ್ಲೂ ಇದೆ.

ಹಾವೇರಿ

2008ರ ಮೇ 30ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು, ರೈತರ ಹೆಸರಿನಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಡಾ. ಆಚಾರ್ಯರಿಗೆ ಗೃಹ ಖಾತೆ ಸಿಕ್ಕಿತು. ಮುಂಗಾರು ಶುರುವಾಗಿತ್ತು, ಬಿತ್ತನೆಗೆ ಡಿಎಪಿ ಸಿಗುತ್ತಿರಲಿಲ್ಲ. ನಾನೂ ಸೊಸೈಟಿ ಮುಂದೆ ಚಪ್ಪಲಿ ಸಾಲಲ್ಲಿಟ್ಟು ಮರದ ನೆರಳಲ್ಲಿ ಕೂತವನೇ. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳಕೊಂಡರು. ಸರ್ಕಾರಕ್ಕೆ ಇನ್ನೂ ಎರಡು ವಾರ ತುಂಬಿರಲಿಲ್ಲ.

ಗುಂಡು ಹಾರಿಸಿದ್ದು ಮಂತ್ರಿಯಲ್ಲ, ನಿಜ. ಗೊಬ್ಬರವೂ ಅವರ ಖಾತೆಯದಲ್ಲ. ಆದರೆ ಪೊಲೀಸು ಅವರದು. ತಲೆ ಮೇಲಿನ ಹೊರೆ ಇಳಿಸಿದ ಅದೇ ಮನುಷ್ಯ ಮೇಲೆ ಕೂತಿದ್ದಾಗ ಕೆಳಗೆ ಹೀಗಾಯಿತು ಅನ್ನುವುದನ್ನು ನನಗೆ ಮರೆಯಲಾಗುವುದಿಲ್ಲ. ಜೂನ್‌ನಲ್ಲಿ ಮಳೆ ಬರುತ್ತದೆ, ಮಳೆ ಬಂದರೆ ಗೊಬ್ಬರ ಬೇಕಾಗುತ್ತದೆ. ಇದಕ್ಕೆ ಸ್ಕ್ಯಾನಿಂಗ್ ಬೇಡ. ಜ್ವರ ಬರುವುದು ತಿಂಗಳ ಮೊದಲೇ ಗೊತ್ತಿದ್ದೂ ಸುಮ್ಮನಿದ್ದು, ಬಂದ ಮೇಲೆ ರೋಗಿಯನ್ನೇ ಹೊಡೆದಂತೆ ಆಯಿತು. ವೈದ್ಯನ ಕಣ್ಣು ಉಡುಪಿಯ ಓಣಿಯಲ್ಲಿ ಕೆಲಸ ಮಾಡಿತು, ಗೃಹ ಇಲಾಖೆಯ ಎತ್ತರದಲ್ಲಿ ಮಾಡಲಿಲ್ಲ. ಇದು ನನ್ನ ಅನಿಸಿಕೆ, ಒಪ್ಪದವರು ಇರಬಹುದು.

2010ರಲ್ಲಿ ಗೃಹ ಖಾತೆ ಬೇರೆಯವರ ಪಾಲಾಯಿತು, ಅವರು ಉನ್ನತ ಶಿಕ್ಷಣಕ್ಕೆ ಬಂದರು. 2012ರ ಫೆಬ್ರವರಿ 14ರಂದು ಬೆಂಗಳೂರಿನ ಸರ್ಕಾರಿ ವಿಜ್ಞಾನ ಕಾಲೇಜಿನ ಕಾರ್ಯಕ್ರಮಕ್ಕೆ ಹೋದವರು ಅಲ್ಲೇ ಕುಸಿದರು, ಉಳಿಯಲಿಲ್ಲ.

ಕಲಬುರ್ಗಿಯಲ್ಲಿ ಓದಿದ ಇನ್ನೊಬ್ಬರು

ನಮ್ಮ ಜಿಲ್ಲೆಯ ಮೂಡಲ ಗಡಿ ದಾಟಿದರೆ ಆಂಧ್ರ. ಅಲ್ಲಿನ ಡಾಕ್ಟರ್ ಮುಖ್ಯಮಂತ್ರಿಯ ಸುದ್ದಿ ಚಳ್ಳಕೆರೆ, ಹಿರಿಯೂರು ಸೀಮೆಯ ರೈತರ ಬಾಯಲ್ಲಿ ವರ್ಷಗಟ್ಟಲೆ ಇತ್ತು. ಡಾ. ವೈ.ಎಸ್. ರಾಜಶೇಖರ ರೆಡ್ಡಿ ಎಂಬಿಬಿಎಸ್ ಓದಿದ್ದು ನಮ್ಮ ಕಲಬುರ್ಗಿಯ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ. 1973ರಲ್ಲಿ ಪುಲಿವೆಂದುಲದಲ್ಲಿ ತಂದೆಯ ಹೆಸರಲ್ಲಿ 70 ಹಾಸಿಗೆಯ ಆಸ್ಪತ್ರೆ ಮಾಡಿದರು. 1978ರಲ್ಲಿ ಶಾಸಕರಾದರು. 2003ರ ಬಿರುಬೇಸಿಗೆಯಲ್ಲಿ 1,475 ಕಿಲೋಮೀಟರ್ ಪಾದಯಾತ್ರೆ ಮಾಡಿದರು. ಒಣಗಿದ ಹೊಲ, ಸಾಲದ ಮನೆ, ಕರೆಂಟ್ ಬಿಲ್ಲು ಎಲ್ಲ ನಡೆದೇ ನೋಡಿದರು. 2004ರ ಮೇನಲ್ಲಿ ಮುಖ್ಯಮಂತ್ರಿಯಾಗಿ ಮೊದಲ ಸಹಿ ಹಾಕಿದ್ದು ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತಿನ ಕಡತಕ್ಕೆ. 2007ರಲ್ಲಿ ಆರೋಗ್ಯಶ್ರೀ ತಂದರು. ಹೃದಯದ ಆಪರೇಷನ್ನಿಗೆ ಹೊಲ ಮಾರಬೇಕಾಗಿದ್ದ ಬಡವರಿಗೆ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯಿತು. 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡರು. ಅವರ ನೀರಾವರಿ ಯೋಜನೆಗಳ ಲೆಕ್ಕಪತ್ರದ ಬಗ್ಗೆ ಆಪಾದನೆಗಳೂ ಬಂದವು, ಅದನ್ನು ಮುಚ್ಚಿಡಬೇಕಾಗಿಲ್ಲ.

ಉಚಿತ ಕರೆಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ನಾನೂ ಅದನ್ನು ತಿಂದವನು. ನಮ್ಮ ರಾಜ್ಯದಲ್ಲೂ 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ಆ ಹೊತ್ತಿಗೆ ಅದು ನೋವಿನ ಮಾತ್ರೆಯ ಹಾಗೆ ಬೇಕೇ ಬೇಕಿತ್ತು. ಇಲ್ಲದಿದ್ದರೆ ತೋಟ ಉಳಿಯುತ್ತಿರಲಿಲ್ಲ. ಆದರೆ ಬಿಲ್ಲಿಲ್ಲದ ಮೇಲೆ ಮೋಟರು ಆರಿಸುವವರು ಯಾರು? ಕರೆಂಟು ಬಂದಾಗ ತಾನೇ ಓಡಲಿ ಅಂತ ಆಟೋಮ್ಯಾಟಿಕ್ ಹಾಕಿ ಮಲಗಿದೆವು. ಪಕ್ಕದವನು 400 ಅಡಿ ಕೊರೆಸಿದರೆ ನಾನು 600, ನಾನು 600 ಅಂದರೆ ಅವನು 800. ನೀರು ಕೆಳಗೆ ಹೋದಂತೆ ಬಂಡೆಯೊಳಗೆ ಹೆಚ್ಚು ಕಾಲ ನಿಂತ ನೀರು ಮೇಲೆ ಬರುತ್ತದೆ, ಅದರಲ್ಲಿ ಫ್ಲೋರೈಡ್ ಹೆಚ್ಚಿರುವುದು ನಮ್ಮ ಕಲ್ಲುನೆಲದಲ್ಲಿ ಸಾಮಾನ್ಯ. ಅಡಿಕೆ ಗಿಡ ಹಸಿರಾಗಿಯೇ ಇತ್ತು, ಅಮ್ಮನ ಮೊಣಕಾಲು ಹೋಯಿತು. ಈ ಲೆಕ್ಕದಲ್ಲಿ ಯಾವ ಮಂತ್ರಿಯನ್ನೂ ಬೈಯಲು ನನಗೆ ಬಾಯಿಲ್ಲ. ಸ್ವಿಚ್ಚು ಇದ್ದದ್ದು ನನ್ನ ಮನೆಯ ಗೋಡೆಯಲ್ಲಿ.

ಕವಾಡಿಗರಹಟ್ಟಿ

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಒಂದು ಸಂಜೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ರೋಗಿಗಳೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ಹುಡುಗರ ಆಸೆ ಹೇಳಿದೆ. ದೊಡ್ಡಪ್ಪನ ಚೇಳಿನ ಪ್ರಶ್ನೆಯನ್ನೂ ಹೇಳಿದೆ. ಜೋರಾಗಿ ನಕ್ಕರು.

"ಗೌಡ್ರೆ, 2023ರಲ್ಲಿ ದುರ್ಗದ ಕವಾಡಿಗರಹಟ್ಟೀಲಿ ಏನಾಯ್ತು ನೆನಪಿದೆಯಾ?"

ಇಲ್ಲದೆ ಏನು? ಆ ವರ್ಷ ಆಗಸ್ಟ್ ಮೊದಲ ವಾರ ಇಡೀ ರಾಜ್ಯದ ಪೇಪರುಗಳಲ್ಲಿ ಅದೇ ಸುದ್ದಿ. ಚಿತ್ರದುರ್ಗ ನಗರದ ಒಳಗೇ ಇರುವ ಬಡಾವಣೆ. ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ವಾಂತಿ ಭೇದಿ ಶುರುವಾಗಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಸತ್ತವರು ಬಡವರು, ಕೂಲಿ ಮಾಡುವವರು, ದಲಿತರ ಕೇರಿಯವರು.

"ಅಲ್ಲಿಂದ ಜಿಲ್ಲಾ ಆಸ್ಪತ್ರೆ ಎಷ್ಟು ದೂರ? ಡಾಕ್ಟರುಗಳು ಎಷ್ಟು ಜನ?" ಅಂತ ಕೇಳಿದರು. "ಡಾಕ್ಟರು ಇಲ್ಲದೆ ಸಾಯಲಿಲ್ಲ ಅವರು. ಪೈಪು ನೋಡೋನು ಇಲ್ಲದೆ ಸತ್ತರು. ನೀವು ನನ್ನ ಬೆಂಗಳೂರಿಗೆ ಕಳಿಸಿದರೆ ನಾನು ಅಲ್ಲಿ ಭಾಷಣ ಮಾಡಬಹುದು. ಪೈಪು ಇರೋದು ಇಲ್ಲಿ."

ನಾನು ಸುಮ್ಮನಾಗಲಿಲ್ಲ. ಪೈಪಿಗೆ ದುಡ್ಡು ಬರೋದು ಅಲ್ಲಿಂದಲ್ಲವೇ ಡಾಕ್ಟ್ರೆ ಅಂದೆ. ಭದ್ರಾ ಮೇಲ್ದಂಡೆಯನ್ನೇ ನೋಡಿ. 29.90 ಟಿಎಂಸಿ ನೀರು, 2,25,515 ಹೆಕ್ಟೇರ್ ಅಂತ ಹೇಳಿ ನಮ್ಮನ್ನು ಎಷ್ಟು ವರ್ಷ ಕಾಯಿಸಿದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದರು, ನಾವು ಪಟಾಕಿ ಹೊಡೆದೆವು, ದುಡ್ಡಿಗೆ ಕಾಯುತ್ತಾ ಕೂತೆವು. ಅಲ್ಲಿ ಕೂತು ಕೇಳುವವರು ಬೇಡವೇ? ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನದಿಯ ನೀರು ಮನೆಗೆ ಬಂದರೆ ಬೋರಿನ ಫ್ಲೋರೈಡ್ ನೀರು ಯಾರೂ ಕುಡಿಯಬೇಕಾಗಿಲ್ಲ. ಇದು ಕಾಲುವೆಯ ಮಾತೋ, ಔಷಧಿಯ ಮಾತೋ?

ಡಾಕ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎರಡೂ" ಅಂದರು. "ಅದಕ್ಕೇ ಹೇಳ್ತೀನಿ, ಡಾಕ್ಟರು ಹೋಗ್ಲಿ, ಮೇಷ್ಟ್ರು ಹೋಗ್ಲಿ, ರೈತ ಹೋಗ್ಲಿ. ಓಟು ಕೇಳೋಕೆ ಬಂದಾಗ ನಿಮ್ಮ ಬೋರಿನ ನೀರಿನ ರಿಪೋರ್ಟ್ ಕೈಯಲ್ಲಿಟ್ಟುಕೊಂಡು ನಿಂತ್ಕಳಿ. ಓದೋಕೆ ಬರುತ್ತಾ ನೋಡಿ."

ಆಮೇಲೆ ಅವರ ಮಾಮೂಲಿ ಪಾಠ ಶುರುವಾಯಿತು. ಮಳೆನೀರು ಹಿಡಿದಿರಾ, ತೊಟ್ಟಿ ತೊಳೆದಿರಾ ಅಂತ. ಹಿಡಿದಿದ್ದೇನೆ. ಈ ಲೆಕ್ಕ ಓದುಗರಿಗೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತೇನೆ. ನಮ್ಮ ಮನೆಯ ಮಾಡು ಸುಮಾರು 1,000 ಚದರ ಅಡಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿದರೆ 55,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಹಾರಿದ್ದು, ಸೋರಿದ್ದು ಕಳೆದರೂ 40,000 ಲೀಟರ್ ಸಿಗುತ್ತದೆ. ಐದು ಜನಕ್ಕೆ ಕುಡಿಯೋಕೆ, ಅಡಿಗೆಗೆ ದಿನಕ್ಕೆ 40 ಲೀಟರ್ ಅಂದರೆ ವರ್ಷಕ್ಕೆ 14,600. ನಾನು 15,000 ಲೀಟರಿನ ತೊಟ್ಟಿ ನೆಲದೊಳಗೆ ಕಟ್ಟಿಸಿದ್ದೇನೆ. ಮೊದಲ ಎರಡು ಮಳೆ ಹೊರಕ್ಕೆ ಬಿಡುತ್ತೇನೆ, ಆಮೇಲಿನದು ಮರಳು ಇದ್ದಿಲಿನ ಮೂಲಕ ಒಳಕ್ಕೆ. ಬೆಳಕು ಬೀಳದಂತೆ ಮುಚ್ಚಿರಬೇಕು. ಕುಡಿಯುವ ಮುಂಚೆ ಕಾಯಿಸುತ್ತೇವೆ. ತೋಟಕ್ಕೆ ಬೋರಿನ ನೀರು, ಹೊಟ್ಟೆಗೆ ಮಳೆಯ ನೀರು.

ಹೊರಡುವಾಗ ಬಾಗಿಲವರೆಗೆ ಬಂದರು. ನಿಲ್ಲುತ್ತೇನೆ ಅಂತಲೂ ಹೇಳಲಿಲ್ಲ, ನಿಲ್ಲುವುದಿಲ್ಲ ಅಂತಲೂ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದರು: "ನಿಮ್ಮೂರ ಓವರ್‌ಹೆಡ್ ಟ್ಯಾಂಕು ಕೊನೇ ಸಲ ತೊಳೆದಿದ್ದು ಯಾವಾಗ?"

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೇಳಿದೆ, ಅಂಗಳದಲ್ಲಿದ್ದ ಹತ್ತು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರನ್ನು ನಿಲ್ಲಿಸೋಣ ಅಂದಿದ್ದ ಹುಡುಗನಿಗೂ. ಮಾರನೆ ಬೆಳಿಗ್ಗೆ ಅವನನ್ನೇ ಕರಕೊಂಡು ಟ್ಯಾಂಕಿನ ಹತ್ತಿರ ಹೋದೆ. ತೊಳೆದ ದಿನಾಂಕ ಬರೆಯಲು ಕಂಬದ ಮೇಲೆ ಬಿಳಿ ಚೌಕ ಬಳಿದಿದ್ದಾರೆ. ತಿಂಗಳು, ತಾರೀಕು ಅಳಿಸಿಹೋಗಿತ್ತು, ವರ್ಷ ಮಾತ್ರ ಓದಬಹುದಿತ್ತು. ಹುಡುಗ ಅದನ್ನು ನೋಡಿ ಬೆರಳಲ್ಲಿ ಎಣಿಸಿದ. ಮೂರು ಬೆರಳು ಮಡಚಿ ನನ್ನ ಮುಖ ನೋಡಿದ.

ದೊಡ್ಡಪ್ಪ ಏಣಿ ಎಲ್ಲಿದೆ ಅಂತ ಕೇಳುತ್ತಿದ್ದರು.